ಹೋಮ್‌ಸ್ಟೇ ಗೋಡೆಗೆ ಚಿತ್ರ: ಚದರಡಿಗೆ ಎಷ್ಟು ಅಂತ ಕೇಳುತ್ತಿದ್ದಾರೆ, ಏನು ಹೇಳಲಿ?

ಇದ್ದಲುಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕ್ಯಾನ್ವಾಸ್, ಪುಸ್ತಕದ ಚಿತ್ರಗಳ ಕೆಲಸ ಗೊತ್ತು. ಗೋಡೆ ಮಾತ್ರ ಇದೇ ಮೊದಲು. ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇಯವರು ಕರೆದಿದ್ದಾರೆ. ಹೊರಗೋಡೆ, ಪಶ್ಚಿಮಕ್ಕೆ ಮುಖ, 20 ಅಡಿ ಅಗಲ, 10 ಅಡಿ ಎತ್ತರ. ಸಿಮೆಂಟ್ ಗಾರೆ ಮುಗಿದು ಮೂರು ವಾರ ಆಗಿದೆ, ಇನ್ನೂ ಸುಣ್ಣ ಬಣ್ಣ ಏನೂ ಹೊಡೆದಿಲ್ಲ. ಅರಳಿದ ಕಾಫಿ ಗಿಡ, ಹಳ್ಳ, ಒಂದು ಜೋಡಿ ದೊಡ್ಡ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಬೇಕಂತೆ. ಮೇ ಕೊನೆಯೊಳಗೆ, ಮಳೆಗಾಲ ಹಿಡಿಯುವ ಮುಂಚೆ ಮುಗಿಯಬೇಕು.

ನಾಲ್ಕು ಕಡೆ ಸಿಕ್ಕಿಕೊಂಡಿದ್ದೇನೆ. ಮಾಲೀಕರು "ಚದರಡಿಗೆ ಎಷ್ಟು?" ಎಂದೇ ಕೇಳುತ್ತಾರೆ. ಮೊದಲು ಸ್ಕೆಚ್ ತೋರಿಸಿ, ಇಷ್ಟವಾದರೆ ಮುಂದೆ ಮಾತಾಡೋಣ ಅನ್ನುತ್ತಾರೆ, ಅಂದರೆ ಸ್ಕೆಚ್ಚಿಗೆ ದುಡ್ಡಿಲ್ಲ. ಅದೇ ಚಿತ್ರವನ್ನು ಅವರ ಕಾಫಿಪುಡಿ ಪೊಟ್ಟಣದ ಮೇಲೂ ಟೀ ಶರ್ಟ್ ಮೇಲೂ ಹಾಕಿಸಿಕೊಳ್ಳುತ್ತಾರಂತೆ, ಅದಕ್ಕೆ ಬೇರೆ ದುಡ್ಡು ಕೇಳಬಹುದಾ? ಕೊನೆಯದಾಗಿ, ಈ ಗೋಡೆಗೆ ಈಗಲೇ ಬಣ್ಣ ಹಚ್ಚಬಹುದಾ? ಗೋಡೆಯ ಫೋಟೊ ನೋಡಿದರೆ ಒಣಗಿದಂತೆಯೇ ಕಾಣುತ್ತದೆ, ಕೆಳಗಡೆ ಮಾತ್ರ ಅಲ್ಲಲ್ಲಿ ಬಿಳಿ ಪುಡಿ ಎದ್ದಿದೆ.

ಗಾರೆಗೋಡೆ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಮೂರಕ್ಕೂ ಉತ್ತರ ಇದರ ಮೇಲೆ ನಿಂತಿದೆ. ಈಗಲೇ ಬಣ್ಣ ಹಚ್ಚಬೇಡಿ.

ಸಿಮೆಂಟ್ ಗಾರೆ ಗಟ್ಟಿಯಾಗಲು ಕಡಿಮೆ ಎಂದರೂ 28 ದಿನ ಬೇಕು. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಮಲೆನಾಡಿನಲ್ಲಿ ಹೂಮಳೆ ಬಿದ್ದು ಹೋಗಿರುತ್ತದೆ, ಬೆಳಿಗ್ಗೆ ಮಂಜು ಇರುತ್ತದೆ. ಮೇಲ್ಮೈ ಬಿಳಿಚಿಕೊಂಡು ಒಣಗಿದಂತೆ ಕಂಡರೂ ಒಳಗೆ ತೇವ ಕೂತಿರುತ್ತದೆ. ನೋಡಲು ಸುಲಭದ ದಾರಿ: ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಗೋಡೆಗೆ ಅಂಟಿಸಿ. ಮರುದಿನ ಅದೇ ಹೊತ್ತಿಗೆ ಬಿಚ್ಚಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ, ಅಥವಾ ಆ ಚೌಕದಷ್ಟೇ ಗೋಡೆ ಕಪ್ಪಾಗಿದ್ದರೆ ತೇವ ಹೋಗಿಲ್ಲ. ಮೂರು ಕಡೆ ಅಂಟಿಸಿ ನೋಡಿ: ನೆಲದಿಂದ ಒಂದು ಅಡಿ ಮೇಲೆ, ನಡುವೆ, ಸೂರಿನ ಕೆಳಗೆ. ಟೇಪ್ ಹೊಸ ಗಾರೆಗೆ ಹಿಡಿಯುವುದಿಲ್ಲ, ಪುಡಿ ಒರೆಸಿ ಅಂಟಿಸಬೇಕು. ಒಂದು ಅಂಚು ಬಿಟ್ಟುಕೊಂಡರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ಅಂಟಿಸಿ.

ಎರಡನೆಯದು ಕ್ಷಾರ. ಹೊಸ ಸಿಮೆಂಟ್ ಮೈ ತುಂಬ ಕ್ಷಾರ. ಪಿಎಚ್ ಪಟ್ಟಿ (ಕ್ಷಾರ ಎಷ್ಟಿದೆ ಎಂದು ಬಣ್ಣ ಬದಲಿಸಿ ತೋರಿಸುವ ಕಾಗದ) ತನ್ನಿ, ಗೋಡೆಗೆ ಡಿಸ್ಟಿಲ್ಡ್ ನೀರು (ಬ್ಯಾಟರಿಗೆ ಹಾಕುವುದೇ ಸಾಕು) ಸವರಿ ಪಟ್ಟಿ ಒತ್ತಿ. 10ಕ್ಕಿಂತ ಹೆಚ್ಚು ತೋರಿಸಿದರೆ ಕಾಯಿರಿ. ಕಾಯಲು ಆಗದಿದ್ದರೆ ಕ್ಷಾರ ತಡೆಯುವ ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ಮೊದಲ ಲೇಪ) ಬೇಕು. ಪ್ರಷ್ಯನ್ ಬ್ಲೂ ಕ್ಷಾರಕ್ಕೆ ಸಿಕ್ಕರೆ ಕಂದು ತಿರುಗುತ್ತದೆ, ಹಳ್ಳದ ನೀರಿಗೆ ಅದನ್ನು ಮುಟ್ಟಲೇಬೇಡಿ. ಥ್ಯಾಲೊ ಬ್ಲೂ, ಅಲ್ಟ್ರಾಮರೀನ್ ಎರಡೂ ಕ್ಷಾರ ತಡೆಯುತ್ತವೆ. ಬಿಸಿಲಿಗೆ ಎಲ್ಲಕ್ಕಿಂತ ಗಟ್ಟಿ ಐರನ್ ಆಕ್ಸೈಡ್‌ಗಳು, ಅಂದರೆ ನಮ್ಮ ಕಾವಿ. ಕರಾವಳಿಯ ದೇವಸ್ಥಾನಗಳಲ್ಲಿ ಕಾವಿ ಕಲೆಯ ಗೋಡೆಗಳು ಇವತ್ತಿಗೂ ಕೆಂಪಾಗಿ ಉಳಿದಿದ್ದರೆ ಅದು ಕೆಮ್ಮಣ್ಣಿನ ಗುಣ, ಜೊತೆಗೆ ಬಣ್ಣ ಮೇಲೆ ಕೂರದೆ ಸುಣ್ಣದ ಗಾರೆಯಲ್ಲೇ ಬೆರೆತಿರುವ ಗುಣ.

ಮಂಗಟ್ಟೆಯ ಕೊಕ್ಕು ನಿಮಗೆ ಕಾಟ ಕೊಡುತ್ತದೆ. ಹೊಳೆಯುವ ಹಳದಿಗಳು ಪಶ್ಚಿಮದ ಬಿಸಿಲಿಗೆ ಬೇಗ ಮಾಸುತ್ತವೆ. ತಳಕ್ಕೆ ಹಳದಿ ಆಕ್ಸೈಡ್ ಎರಡು ಸಲ ತುಂಬಿಸಿ, ಹೊಳಪಿನ ಹಳದಿಯನ್ನು ಬೆಳಕು ಬೀಳುವ ಅಂಚಿಗೆ ಮಾತ್ರ ಎಳೆಯಿರಿ. ಮೇಲಿನದು ಮಾಸಿದ ಮೇಲೂ ಕೊಕ್ಕು ಹಳದಿಯಾಗಿಯೇ ಇರುತ್ತದೆ. ಹಾಗೆ ಮಾಡದೆ ಬಿಳಿಯ ಮೇಲೆ ತೆಳ್ಳಗೆ ಹಳದಿ ಬಳಿದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಕ್ಕಿಗೆ ಸುಣ್ಣದ ಕೊಕ್ಕು.

ಕೆಳಗೆ ಎದ್ದಿರುವ ಬಿಳಿ ಪುಡಿ ಉಪ್ಪು. ಗಾರೆ, ಇಟ್ಟಿಗೆಯೊಳಗಿನ ಉಪ್ಪು ನೀರಿನ ಜೊತೆ ಹೊರಗೆ ಬಂದು, ನೀರು ಆರಿದ ಮೇಲೆ ಉಳಿದದ್ದು. ಒಣ ಬ್ರಶ್ಶಿನಿಂದ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಂದು ವಾರ ಬಿಟ್ಟು ನೋಡಿ, ಮತ್ತೆ ಎದ್ದರೆ ಕೆಳಗಿನಿಂದ ನೀರು ಏರುತ್ತಿದೆ ಎಂದು ಅರ್ಥ. ಅದನ್ನು ಮೇಸ್ತ್ರಿ ಸರಿಮಾಡಬೇಕು, ನಿಮ್ಮ ಬಣ್ಣ ಅದನ್ನು ಮುಚ್ಚಲಾರದು. ಉಪ್ಪು ಹಿಂದಿನಿಂದ ತಳ್ಳಿದಾಗ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ.

ಸಾಮಾನಿನ ಲೆಕ್ಕ: 200 ಚದರಡಿಗೆ ಹೊರಗೋಡೆಯ ಪ್ರೈಮರ್ 2ರಿಂದ 3 ಲೀಟರ್. ತಳಕ್ಕೆ ಹೊರಗೋಡೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆಬಣ್ಣ) ಎರಡು ಕೋಟ್, ಲೀಟರಿಗೆ 50 ಚದರಡಿ ಹಿಡಿದರೆ 4 ಲೀಟರ್. ಚಿತ್ರಕ್ಕೆ ಅಂಗಡಿಯ ಮಿಷನ್ನಿನಲ್ಲಿ ಬೆರೆಸಿಕೊಟ್ಟ ಒಂದೊಂದು ಲೀಟರಿನ ಆರೇಳು ಬಣ್ಣ, ಜೊತೆಗೆ ಬಿಳಿ 4 ಲೀಟರ್. ಬಿಳಿಗೆ ಸ್ಟೇನರ್ (ಬಣ್ಣ ಬರಿಸಲು ಬೆರೆಸುವ ಗಾಢ ದ್ರವ) ಸುರಿದು ನೀವೇ ಗಾಢ ಹಸಿರು ಮಾಡಲು ಹೋಗಬೇಡಿ. ಡಬ್ಬಿಯ ಮೇಲೆ ಬರೆದ ಮಿತಿ ದಾಟಿದರೆ ಬಣ್ಣ ಒಣಗಿದ ಮೇಲೂ ಅಂಟಂಟಾಗಿರುತ್ತದೆ, ಮೊದಲ ಮಳೆಗೆ ಇಳಿಯುತ್ತದೆ. ಒಳಗೋಡೆ ನುಣುಪು ಮಾಡಲು ಹಚ್ಚುವ ಅಕ್ರಿಲಿಕ್ ಪುಟ್ಟಿ ಹೊರಗೋಡೆಗೆ ಬೇಡವೇ ಬೇಡ.

ಪಶ್ಚಿಮದ ಗೋಡೆ ಅಂದರೆ ಮಧ್ಯಾಹ್ನದವರೆಗೆ ನೆರಳು. ಏಳರಿಂದ ಹನ್ನೆರಡೂವರೆ ನಿಮ್ಮ ಹೊತ್ತು. ಆಮೇಲೆ ಗೋಡೆ ಕಾದು, ಬಣ್ಣ ಕುಂಚದ ತುದಿಯಲ್ಲೇ ಒಣಗಿ ಗೆರೆ ಒರಟಾಗುತ್ತದೆ. ಮಳೆಗಾಲದಲ್ಲಿ ಎರಚಲೂ ಈ ಗೋಡೆಗೇ ಹೆಚ್ಚು. ಸೂರು ಎಷ್ಟು ಮುಂದೆ ಬಂದಿದೆ? ಒಂದೂವರೆ ಅಡಿಗಿಂತ ಕಡಿಮೆ ಇದ್ದರೆ ಸೂರಿಗೆ ಒಂದು ಶೀಟ್ ಸೇರಿಸಲು ಮಾಲೀಕರಿಗೆ ಮೊದಲೇ ಹೇಳಿ.

ಲೆಕ್ಕದಪಟ್ಟಿ

ಗೋಡೆ ಬಗ್ಗೆ ಮೇಲಿನವರು ಹೇಳಿದ್ದು ಸಾಕು. ದುಡ್ಡಿನ ಮಾತು.

ಚದರಡಿ ಲೆಕ್ಕ ಬಂದದ್ದು ಬಣ್ಣ ಬಳಿಯುವ ಗುತ್ತಿಗೆಯಿಂದ. ಅಲ್ಲಿ ಅದು ಸರಿ, ಏಕೆಂದರೆ ಎರಡು ಪಟ್ಟು ಗೋಡೆಗೆ ಎರಡು ಪಟ್ಟು ಕೆಲಸ. ಚಿತ್ರದಲ್ಲಿ ಹಾಗಿಲ್ಲ. ಖಾಲಿ ಆಕಾಶದ 50 ಚದರಡಿ ಅರ್ಧ ದಿನ, ಮಂಗಟ್ಟೆಯ ತಲೆ ಇರುವ 6 ಚದರಡಿ ಒಂದು ದಿನ. ಆದ್ದರಿಂದ ನಿಮ್ಮ ಒಳಲೆಕ್ಕ ದಿನದ ಮೇಲೆ ಇರಲಿ.

ದಿನದ ದರ ಹುಡುಕುವುದು ಹೀಗೆ. ತಿಂಗಳಿಗೆ ಮನೆ ಖರ್ಚು, ಸ್ಟುಡಿಯೊ ಬಾಡಿಗೆ, ಆರೋಗ್ಯ ವಿಮೆ, ಕುಂಚ, ಲ್ಯಾಪ್‌ಟಾಪ್ ಸವೆತ, ತೆರಿಗೆಗೆ ಎತ್ತಿಡುವುದು ಎಲ್ಲ ಕೂಡಿಸಿ. ಉದಾಹರಣೆಗೆ 36,000 ಆಯಿತು ಅನ್ನೋಣ. ಇದನ್ನು 30ರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು. ಗಿರಾಕಿ ಜೊತೆ ಮಾತು, ಸ್ಥಳಕ್ಕೆ ಓಡಾಟ, ಬಿಲ್ ವಸೂಲಿ, ಕೆಲಸವಿಲ್ಲದ ದಿನ ಎಲ್ಲ ಕಳೆದರೆ ದುಡ್ಡು ಹುಟ್ಟುವ ದಿನ ತಿಂಗಳಿಗೆ 12 ಸಿಕ್ಕರೆ ಹೆಚ್ಚು. 36,000 ಭಾಗ 12, ದಿನಕ್ಕೆ 3,000. ಇದರಲ್ಲಿ ಲಾಭ, ಉಳಿತಾಯ ಇನ್ನೂ ಸೇರಿಲ್ಲ, ಇದು ಇಳಿಯಬಾರದ ಗೆರೆ.

ನಿಮ್ಮ ಗೋಡೆಗೆ ಹಾಕಿ ನೋಡೋಣ. ಸ್ಥಳ ನೋಡಲು 1 ದಿನ, ಸ್ಕೆಚ್ಚಿಗೆ 3, ಪ್ರೈಮರ್ ಮತ್ತು ತಳಕ್ಕೆ 2, ಗೆರೆ ಇಳಿಸಲು (ಸ್ಕೆಚ್ಚನ್ನು ಗೋಡೆಯ ಮೇಲೆ ದೊಡ್ಡದಾಗಿ ಎಳೆಯಲು) 1, ಬಣ್ಣಕ್ಕೆ 8, ತಿದ್ದುವುದು ಮತ್ತು ವಾರ್ನಿಷ್‌ಗೆ 1. ಒಟ್ಟು 16 ದಿನ, 48,000. ಒಬ್ಬ ಸಹಾಯಕ 10 ದಿನ, ದಿನಕ್ಕೆ 1,000ದಂತೆ 10,000. ಬಣ್ಣ, ಪ್ರೈಮರ್, ಟೇಪ್, ಟಾರ್ಪಾಲು 14,000. ಸ್ಟ್ಯಾಂಡು, ಹಲಗೆ ಬಾಡಿಗೆ 3,000. ಓಡಾಟ, ಸಾಗಣೆ 6,000. ಕೂಡಿದರೆ 81,000. ಮಳೆಗೆ ಕೆಲಸ ನಿಲ್ಲುವುದು ಇದ್ದದ್ದೇ, ಅದಕ್ಕೆ ನೂರಕ್ಕೆ 10 ಸೇರಿಸಿ, 89,100. ಊರಿನ ಕೂಲಿ, ಬಣ್ಣದ ಬೆಲೆ ನೋಡಿ ಅಂಕಿಗಳನ್ನು ನೀವು ಬದಲಿಸಿಕೊಳ್ಳಿ. ಊಟ, ಉಳಿಯುವ ಕೋಣೆ ಅವರದ್ದು. ಹೋಮ್‌ಸ್ಟೇ ಅಲ್ಲವೇ, ಅದು ಅವರಿಗೆ ಭಾರವಲ್ಲ, ಆದರೆ ಕಾಗದದಲ್ಲಿ ಬರೆದಿರಬೇಕು.

ಈಗ 89,100ನ್ನು 200ರಿಂದ ಭಾಗಿಸಿದರೆ ಚದರಡಿಗೆ ಸುಮಾರು 445. ಮಾಲೀಕರು ಚದರಡಿ ಲೆಕ್ಕವೇ ಬೇಕೆಂದು ಹಟ ಹಿಡಿದರೆ ಈ ಅಂಕಿ ಹೇಳಿ, ಆದರೆ "ಈ ಗೋಡೆಗೆ, ಈ ಚಿತ್ರಕ್ಕೆ ಮಾತ್ರ" ಎಂದು ಸೇರಿಸಿ. ಇಲ್ಲದಿದ್ದರೆ ನಾಳೆ ಅವರ ಸ್ನೇಹಿತರು 5 ಅಡಿಗೆ 4 ಅಡಿಯ ಗೋಡೆ ಇದೆ, ಅದೇ 445ಕ್ಕೆ ಬನ್ನಿ ಅನ್ನುತ್ತಾರೆ. ಅಂದರೆ 8,900 ರೂಪಾಯಿ. ಅಲ್ಲಿಗೂ ಓಡಾಟ 1 ದಿನ, ಸ್ಕೆಚ್ 3, ಪ್ರೈಮರ್ 1, ಬಣ್ಣ 3. ನಿಮ್ಮ ಕೂಲಿಯೇ 24,000 ಆಗಿರುತ್ತದೆ.

ಪುಕ್ಕಟೆ ಸ್ಕೆಚ್ ಕೊಡಬೇಡಿ. ಚಿತ್ರದಲ್ಲಿ ಯೋಚನೆಯ ಭಾಗವೆಲ್ಲ ಸ್ಕೆಚ್ಚಿನಲ್ಲೇ ಮುಗಿದಿರುತ್ತದೆ. ಅದನ್ನು ಫೋಟೊ ತೆಗೆದುಕೊಂಡು ಕಡಿಮೆ ದರದವರ ಕೈಗೆ ಕೊಟ್ಟರೆ ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ಹಳೆಯ ಕೆಲಸ ತೋರಿಸುವುದು ಪುಕ್ಕಟೆ, ಹೊಸ ಸ್ಕೆಚ್ಚಿಗೆ 9,000, ಕೆಲಸ ಖಾತ್ರಿಯಾದರೆ ಒಟ್ಟು ಮೊತ್ತದಲ್ಲಿ ವಜಾ. ಎರಡು ಸಲ ತಿದ್ದಿ ಕೊಡುವುದು ಅದರೊಳಗೇ ಸೇರಿದೆ. ಗೋಡೆಯ ಮೇಲೆ ಗೆರೆ ಇಳಿದ ಮೇಲೆ "ಇನ್ನೊಂದು ಹಕ್ಕಿ ಕೂರಿಸಿ" ಅಂದರೆ ದಿನದ ದರ.

ಹಣ ಬರುವ ಕ್ರಮ: ಬಣ್ಣ ಕೊಳ್ಳುವ ಮುಂಚೆ ಅರ್ಧ, ತಳ ಮತ್ತು ಗೆರೆ ಮುಗಿದ ದಿನ ನೂರಕ್ಕೆ 30, ಉಳಿದ 20 ಸ್ಟ್ಯಾಂಡು ಬಿಚ್ಚುವ ದಿನ. ಕೊನೆಯ ಕಂತು ದೊಡ್ಡದಿದ್ದಷ್ಟೂ ವಸೂಲಿ ಕಷ್ಟ. ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ.

ನೀಲಿನೂಲು

ಲೆಕ್ಕದಪಟ್ಟಿಯವರ ಅಂಕಿ ಸರಿ, ಒಂದು ಮಾತು ಸೇರಿಸಬೇಕು. ಈ ಬಿಡಿ ಲೆಕ್ಕವನ್ನು ಗಿರಾಕಿಗೆ ಕೊಡಬೇಡಿ. ಕೊಟ್ಟರೆ ಸಹಾಯಕ ಯಾಕೆ, ಸ್ಕೆಚ್ಚಿಗೆ ಮೂರು ದಿನ ಯಾಕೆ ಎಂದು ಸಾಲು ಸಾಲಿಗೂ ಚೌಕಾಸಿ ನಡೆಯುತ್ತದೆ. ಕೊಟೇಶನ್ನಿನಲ್ಲಿ ಮೂರೇ ಸಾಲು ಇರಲಿ: ಸ್ಕೆಚ್, ಗೋಡೆಯ ಚಿತ್ರ ಸಾಮಾನು ಸಹಿತ, ಬೇರೆ ಕಡೆ ಬಳಸುವ ಹಕ್ಕು. ಬೆಲೆ ಇಳಿಸಲೇಬೇಕೆಂದರೆ ಕೆಲಸವನ್ನು ಇಳಿಸಿ. ಎರಡು ಹಕ್ಕಿಯ ಬದಲು ಒಂದು, ಅಥವಾ ಎಡಗಡೆಯ 5 ಅಡಿ ಬರೀ ಬಣ್ಣ. ಅದೇ ಕೆಲಸಕ್ಕೆ ಬೆಲೆ ಮಾತ್ರ ಇಳಿದರೆ ಮೊದಲು ಹೇಳಿದ್ದು ಸುಳ್ಳು ದರ ಎಂದು ಅವರಿಗೆ ಅನಿಸುತ್ತದೆ.

ಗೆರೆ ಇಳಿಸುವುದಕ್ಕೆ: ಪುಡಿ ಸವರಿದ ನೂಲು ಹೊಡೆದು ಗೋಡೆಯ ಮೇಲೆ ಒಂದಡಿ ಚೌಕಗಳ ಗುರುತು ಹಾಕುವುದಾದರೆ ನೀಲಿ ಪುಡಿ ಬೇಡ. ಅದು ಬಣ್ಣದೊಳಗೆ ಬೆರೆತು ಕಾಫಿ ಹೂವಿನ ಬಿಳಿಯನ್ನೆಲ್ಲ ಮಂಕು ಮಾಡುತ್ತದೆ. ಚೌಕವೇ ಇಲ್ಲದ ದಾರಿಯೂ ಇದೆ. ತೆಳು ಓಕರ್ (ಮಣ್ಣಿನ ಹಳದಿ) ಬಣ್ಣದಲ್ಲಿ ಗೋಡೆ ತುಂಬ ಅಕ್ಷರ, ಸುರುಳಿ, ಕೊಕ್ಕೆ ಎಂದು ಏನಾದರೂ ಗೀಚಿ, ಎದುರಿಗೆ ನಿಂತು ಫೋಟೊ ತೆಗೆಯಿರಿ, ಫೋನಿನಲ್ಲಿ ಆ ಫೋಟೊದ ಮೇಲೆ ಸ್ಕೆಚ್ಚನ್ನು ಅರೆಪಾರದರ್ಶಕವಾಗಿ ಹೊಂದಿಸಿ. ಕೊಕ್ಕಿನ ತುದಿ ಯಾವ ಸುರುಳಿಯ ಮೇಲೆ ಬರುತ್ತದೆ ಎಂದು ನೋಡಿ ನೋಡಿ ಗೆರೆ ಎಳೆಯಬಹುದು. ಗೀಚಿದ್ದೆಲ್ಲ ಬಣ್ಣದಡಿ ಮುಚ್ಚಿಹೋಗುತ್ತದೆ. ಇದ್ದಲು ಮಾತ್ರ ಬಳಸಬೇಡಿ (ಹೆಸರು ಇದ್ದಲುಗೆರೆ ಆದರೂ!), ಎಮಲ್ಷನ್ ಜೊತೆ ಕಲೆಸಿ ಕೊಳೆಯಾಗುತ್ತದೆ.

ಕರಡುಪ್ರತಿ

ಕಾಫಿ ಪೊಟ್ಟಣದ ಪ್ರಶ್ನೆಗೆ ಉತ್ತರ. ಬೇರೆ ದುಡ್ಡು ಕೇಳಬಹುದು, ಕೇಳಲೇಬೇಕು. ಆದರೆ ಕಾಗದ ಆಗದೆ ಕೆಲಸ ಶುರು ಮಾಡಿದರೆ ಆ ಹಕ್ಕು ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಬಹಳ ಜನ ಕಲಾವಿದರು ಇಲ್ಲಿ ಎಡವುತ್ತಾರೆ.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿ ರಚಿಸಿದವರೇ ಮೊದಲ ಹಕ್ಕುದಾರರು. ಅಲ್ಲಿಗೆ ಓದಿ ನಿಲ್ಲಿಸಬೇಡಿ. ಕೆಳಗೇ ವಿನಾಯಿತಿಗಳಿವೆ. ಹಣ ಕೊಟ್ಟು ಒಬ್ಬರು ಹೇಳಿ ಬರೆಸಿಕೊಂಡ ವರ್ಣಚಿತ್ರ, ಭಾವಚಿತ್ರ, ತೆಗೆಸಿಕೊಂಡ ಫೋಟೊ ಇವುಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರೇ ಮೊದಲ ಹಕ್ಕುದಾರರು. ನಿಮ್ಮದು ಅಂಥದ್ದೇ ಕೆಲಸ. "ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಮಾತೇ ನಿಮ್ಮ ಬಾಗಿಲು. ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ಎರಡು ಪುಟದ ಒಪ್ಪಂದ, ಇಬ್ಬರ ಸಹಿ. ಅದರಲ್ಲಿ ಈ ಅರ್ಥದ ಸಾಲು ಬೇಕೇ ಬೇಕು:

"ಈ ಚಿತ್ರದ ಮತ್ತು ಅದರ ಸ್ಕೆಚ್ಚುಗಳ ಕೃತಿಸ್ವಾಮ್ಯ ಕಲಾವಿದರದ್ದಾಗಿ ಉಳಿಯುತ್ತದೆ. ಮಾಲೀಕರು ಚಿತ್ರವನ್ನು ಈ ಗೋಡೆಯ ಮೇಲೆ ಇರಿಸಿಕೊಳ್ಳಬಹುದು, ಹೋಮ್‌ಸ್ಟೇಯ ಜಾಹೀರಾತಿನಲ್ಲಿ ಗೋಡೆಯ ಫೋಟೊ ಬಳಸಬಹುದು. ಮಾರಾಟದ ಸರಕಿನ ಮೇಲೆ ಬಳಸಲು ಪ್ರತ್ಯೇಕ ಲಿಖಿತ ಅನುಮತಿ ಬೇಕು."

ಪೊಟ್ಟಣದ ಅನುಮತಿ ಕಾಗದ ಬೇರೆ. ಯಾವ ಚಿತ್ರ, ಯಾವ ಸರಕು, ಎಷ್ಟು ಪ್ರತಿ, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಲ್ಲವನ್ನೂ ಬರೆಯಿರಿ. ಕಾಲ ಬರೆಯದಿದ್ದರೆ ಕಾಯ್ದೆ 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಇಡೀ ಭಾರತ (19ನೇ ಸೆಕ್ಷನ್). ನನ್ನ ಅಭಿಪ್ರಾಯದಲ್ಲಿ ಸಣ್ಣ ಉದ್ಯಮಕ್ಕೆ ಒಂದು ವರ್ಷ, ಇಷ್ಟು ಸಾವಿರ ಪೊಟ್ಟಣ ಎಂದು ಇಡಿಗಂಟು ಮೊತ್ತವೇ ಒಳ್ಳೆಯದು. ಶೇಕಡಾವಾರು ಗೌರವಧನ ಅಂದರೆ ಅವರ ಮಾರಾಟದ ಲೆಕ್ಕ ಪ್ರತಿ ತಿಂಗಳು ಕೇಳುತ್ತಾ ಕೂರಬೇಕು. ಟೀ ಶರ್ಟ್‌ಗೆ ಬೇರೆ ಸಾಲು, ಬೇರೆ ಮೊತ್ತ.

ಹಕ್ಕನ್ನು ಪೂರ್ತಿ ಮಾರಿಕೊಂಡರೂ ನಿಮ್ಮಲ್ಲಿ ಉಳಿಯುವುದು 57ನೇ ಸೆಕ್ಷನ್ನಿನದು: ನಿಮ್ಮ ಹೆಸರು ಹೇಳಿಕೊಳ್ಳುವ ಹಕ್ಕು, ಕೃತಿಯನ್ನು ನಿಮ್ಮ ಗೌರವಕ್ಕೆ ಕುಂದಾಗುವಂತೆ ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಿ 5 ಲಕ್ಷ ಪರಿಹಾರ ಕೊಡಿಸಿತು. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ದೆಹಲಿಯ ಹಾಲ್ ಆಫ್ ನೇಷನ್ಸ್ ಪ್ರದರ್ಶನ ಕಟ್ಟಡವನ್ನು ಕೆಡವಿದಾಗ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯನ್ನು 2019ರಲ್ಲಿ ಅದೇ ಹೈಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಒಪ್ಪಂದದಲ್ಲೇ ಬರೆಸಿ: ಗೋಡೆ ಕೆಡವುವ ಅಥವಾ ಮೇಲೆ ಬಣ್ಣ ಬಳಿಯುವ 30 ದಿನ ಮುಂಚೆ ತಿಳಿಸಬೇಕು, ಬಂದು ದಾಖಲೆಗೆ ಫೋಟೊ ತೆಗೆದುಕೊಳ್ಳಲು ಬಿಡಬೇಕು, ಬೇರೆಯವರಿಂದ ತಿದ್ದಿಸಿದರೆ ಕಲಾವಿದರ ಹೆಸರು ಅಳಿಸಬೇಕು.

ಇನ್ನೊಂದು, ನಿಮ್ಮ ಕಡೆಯಿಂದ ಆಗುವ ತಪ್ಪು. ಮಂಗಟ್ಟೆಯ ಫೋಟೊವನ್ನು ಇಂಟರ್ನೆಟ್‌ನಿಂದ ತೆಗೆದು ಹಾಗೇ ಗೋಡೆಗೆ ಇಳಿಸಬೇಡಿ. ಅದು ಛಾಯಾಗ್ರಾಹಕರ ಕೃತಿ, ಮಾಧ್ಯಮ ಬದಲಿಸಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ನಾಲ್ಕಾರು ಫೋಟೊ, ವಿಡಿಯೊ ನೋಡಿ ಹಕ್ಕಿಯ ಅಂಗರಚನೆ ಕಲಿತು ನಿಮ್ಮದೇ ಭಂಗಿ ಕಟ್ಟಿ. ಇಲ್ಲವೇ ಫೋಟೊ ತೆಗೆದವರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಪೊಟ್ಟಣದ ಮೇಲೆ ಬಂದ ದಿನ ಮೊದಲು ಗುರುತಿಸುವವರೇ ಅವರು.

ಇದ್ದಲುಗೆರೆ

ಎಲ್ಲರಿಗೂ ತುಂಬ ಧನ್ಯವಾದ. ಹಾಳೆ ಅಂಟಿಸಿ ಫೋಟೊ ಕಳಿಸಲು ಅವರಿಗೆ ಹೇಳಿದ್ದೆ. ಮೇಲಿನ ಎರಡೂ ಒಣಗಿವೆ, ಕೆಳಗಿನದರಲ್ಲಿ ಹನಿ ತುಂಬ ಇದೆ. ಸೂರು ಎರಡು ಅಡಿ ಮುಂದಿದೆ. ಒಪ್ಪಂದ ಮಾಡಿಕೊಳ್ಳಲು ಮಾಲೀಕರು ಒಪ್ಪಿದ್ದಾರೆ, ಪೊಟ್ಟಣದ ಮಾತು ಆಮೇಲೆ ಅಂದಿದ್ದಾರೆ. ಆದರೆ ಮೇ ಗಡುವು ಬಿಡುತ್ತಿಲ್ಲ, ಜೂನ್ ಮೊದಲ ವಾರ ಮನೆಯವರ ಕಾರ್ಯಕ್ರಮ ಇದೆಯಂತೆ. ಕೆಳಗಿನ ತೇವ ಅಷ್ಟರಲ್ಲಿ ಹೋಗದಿದ್ದರೆ?

ಗಾರೆಗೋಡೆ

ಹೋಗುತ್ತದೆ ಎಂಬ ಭರವಸೆಯ ಮೇಲೆ 89,000ದ ಕೆಲಸ ಹಿಡಿಯಬೇಡಿ. ಗೋಡೆಯ ಮೇಲೆ ಬೇಡ, ಹಲಗೆಯ ಮೇಲೆ ಬರೆಯಿರಿ.

8 ಮಿಲಿಮೀಟರ್ ದಪ್ಪದ ಫೈಬರ್ ಸಿಮೆಂಟ್ ಬೋರ್ಡ್ 8 ಅಡಿಗೆ 4 ಅಡಿ ಅಳತೆಯಲ್ಲಿ ಸಿಗುತ್ತದೆ. ಉದ್ದ ಮೇಲ್ಮುಖವಾಗಿ ಐದು ನಿಲ್ಲಿಸಿದರೆ ಸುಮಾರು 20 ಅಡಿ ಅಗಲ, 8 ಅಡಿ ಎತ್ತರ. ಉಳಿದ 2 ಅಡಿಯಲ್ಲಿ ಒಂದೂವರೆಯನ್ನು ಕೆಳಗೆ ಬಿಡಿ, ಅರ್ಧ ಅಡಿ ಮೇಲೆ. ತೇವ ಇರುವುದೂ ಮಳೆನೀರು ನೆಲಕ್ಕೆ ಬಡಿದು ಕೆಸರು ಸಿಡಿಯುವುದೂ ಆ ಕೆಳಗಿನ ಒಂದೂವರೆ ಅಡಿಗೇ. ಮನೆಯಲ್ಲೇ, ನೆರಳಲ್ಲಿ, ಮಳೆಯ ಹೆದರಿಕೆ ಇಲ್ಲದೆ ಬರೆಯಬಹುದು. ಸ್ಥಳದಲ್ಲಿ ಕೂರಿಸಲು ಎರಡು ದಿನ, ಸಂದು ತಿದ್ದಲು ಒಂದು.

ಕೂರಿಸುವಾಗ ಗೋಡೆಗೆ ನೇರ ಅಂಟಿಸಬೇಡಿ. ಗೋಡೆಗೆ ಲೋಹದ ಪಟ್ಟಿ ಹೊಡೆದು ಅದರ ಮೇಲೆ ಬೋರ್ಡ್ ಬರಲಿ, ಹಿಂದೆ ಒಂದು ಇಂಚು ಗಾಳಿ ಓಡಾಡಲಿ. ಪಟ್ಟಿಗಳು ನಿಂತ ದಿಕ್ಕಿನಲ್ಲಿ ಇರಲಿ, ಅಡ್ಡ ಹೊಡೆದರೆ ನೀರು ಅವುಗಳ ಮೇಲೆ ನಿಲ್ಲುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಮಾತ್ರ, ಸಾದಾ ಸ್ಕ್ರೂ ಹಾಕಿದರೆ ತುಕ್ಕು ಚಿತ್ರದ ಮೇಲೆ ಕಣ್ಣೀರಿನಂತೆ ಇಳಿಯುತ್ತದೆ. ಬೋರ್ಡಿಗೂ ಬೋರ್ಡಿಗೂ ನಡುವೆ 3 ಮಿಲಿಮೀಟರ್ ಸಂದು ಬಿಡಿ. ಬಣ್ಣ ಹಚ್ಚುವ ಮುಂಚೆ ಮುಂದೆ, ಹಿಂದೆ, ನಾಲ್ಕು ಅಂಚಿಗೂ ಪ್ರೈಮರ್. ಮುಂದೆ ಮಾತ್ರ ಹೊಡೆದರೆ ಹಿಂಬದಿ ನೀರು ಕುಡಿದು ಬೋರ್ಡ್ ಬಾಗುತ್ತದೆ.

ಬೋರ್ಡ್, ಪಟ್ಟಿ, ಫಿಟ್ಟಿಂಗ್ ಖರ್ಚು ಹೊಸ ಸಾಲು, ಅದು ಮಾಲೀಕರದ್ದು. ಸ್ಕೆಚ್ ಮಾಡುವಾಗಲೇ 4, 8, 12, 16 ಅಡಿಗೆ ಪೆನ್ಸಿಲಿನಲ್ಲಿ ನಿಂತ ಗೆರೆ ಎಳೆದುಕೊಳ್ಳಿ. ಸಂದುಗಳು ಅಲ್ಲಿ ಬರುತ್ತವೆ. ಕಾಫಿ ಗಿಡದ ಕಾಂಡ, ಮರದ ಬೊಡ್ಡೆ ಆ ಗೆರೆಗಳ ಮೇಲೆ ಬರಲಿ. ಹಕ್ಕಿಯ ಕಣ್ಣು, ಕೊಕ್ಕಿನ ಬುಡ ಎರಡೂ ಸಂದಿನಿಂದ ಒಂದು ಗೇಣಾದರೂ ದೂರ ಇರಲಿ.